ಇಸೋಲಿನ್ ಕೆರೆದ ಹೆಸರು

ಕಿಂಗ್‌ಸ್ಟನ್ನಿನ ನಮ್ಮ ಓಣಿಗೆ ಇಸೋಲಿನ್ ಎಂದರೆ ಇಸ್ತ್ರಿ ಹಾಕುವ ಹೆಂಗಸು, ಅಷ್ಟೇ. ಒಂದು ಕಾಲಕ್ಕೆ ಅವಳು ಹಾಡುತ್ತಿದ್ದಳೆಂದು ಬಲ್ಲವರಲ್ಲಿ ಉಳಿದಿರುವುದು ಪಕ್ಕದ ಮನೆಯ ನಾನೊಬ್ಬನೇ.

ಅವಳಿಂದ ಹಾಡಿಸಿದವನು ಲಾಸೆಲ್ಸ್. ಹಿತ್ತಲ ಕೋಣೆಯ ಗೋಡೆಗೆಲ್ಲ ಮೊಟ್ಟೆಯ ರಟ್ಟು ಬಡಿದುಕೊಂಡು ಅಲ್ಲೇ ಹಾಡು ಮುದ್ರಿಸುತ್ತಿದ್ದ, ಶನಿವಾರ ಬೀದಿ ಕುಣಿತದಲ್ಲಿ ಮೊಳಗಿಸುತ್ತಿದ್ದ. ಬೇರೆ ಕುಣಿತ ನಡೆಸುವ ಎದುರಾಳಿಗಳು ಇಣುಕಿ ಹಾಡಿದವರ ಹೆಸರು ಓದಿಬಿಟ್ಟರೆ ಅವರನ್ನೇ ಹಾರಿಸಿಕೊಂಡು ಹೋಗುತ್ತಿದ್ದರು. ಅದಕ್ಕೇ ಒಳ್ಳೆಯ ಹಾಡಾದರೆ ರೆಕಾರ್ಡಿನ ಮೇಲಿನ ಚೀಟಿಯನ್ನು ಕೆರೆದುಹಾಕುವುದು ನಮ್ಮಲ್ಲಿ ರೂಢಿ. ಸಪ್ಪೆ ಹಾಡಿನ ಚೀಟಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ತನ್ನ ಹಾಡು ತಯಾರಾದ ದಿನ ಇಸೋಲಿನ್ ಮೀನು ಕೊಯ್ಯುವ ಚಾಕು ತಂದು, ತನ್ನ ಹೆಸರನ್ನು ತಾನೇ ಕೆರೆದಳು.

“ಒಂದಕ್ಷರನೂ ಉಳೀಬಾರ್ದು ಕಣೇ,” ಅಂದ ಲಾಸೆಲ್ಸ್.

“ಚೆನ್ನಾಗೇ ಹಾಡಿದೀನಿ ಅಂತಾಯ್ತು ಬಿಡು,” ಎಂದು ಅವಳು ಬೀಗಿದಳು.

ಆಮೇಲೆ ಅವನ ತಲೆ ಕೆಟ್ಟಿತು. ಕಂಡವರೆಲ್ಲ ಕಳ್ಳರು. ಇದ್ದಬದ್ದ ಚೀಟಿಗಳನ್ನೆಲ್ಲ ಕೆರೆದ, ಬಾಗಿಲ ಮೇಲಿದ್ದ ತನ್ನ ಹೆಸರನ್ನೂ ಕೆರೆದ. ವಾದ್ಯದವರು ಅತ್ತ ತಲೆ ಹಾಕುವುದನ್ನೇ ಬಿಟ್ಟರು. ಇಸೋಲಿನ್ ಮಾತ್ರ ಬೇಯಿಸಿದ ಬಾಳೆಕಾಯಿ, ಮೀನು ಹೊತ್ತು ಹೋಗುತ್ತಿದ್ದಳು. ವಿಷ ಹಾಕಿಲ್ಲವೆಂದು ತೋರಿಸಲು ಅವಳೇ ಮೊದಲ ತುತ್ತು ತಿನ್ನಬೇಕಿತ್ತು. ಅವನು ಆಸ್ಪತ್ರೆಯಲ್ಲಿ ಸತ್ತಾಗ ಹೆಣ ಕೇಳಿಕೊಂಡು ಹೋದವಳೂ ಅವಳೇ.

ಬದುಕಿದ್ದಾಗ ಮೂಸದ ಜನ, ಎಷ್ಟೋ ವರ್ಷಗಳ ಮೇಲೆ ಅವನ ಬದುಕನ್ನು ಸಿನಿಮಾ ಮಾಡಲು ಬಂದರು. ಕೈಯಲ್ಲಿ ಇಸೋಲಿನ್ ಹೆಸರು ಕೆರೆದಿದ್ದ ಅದೇ ರೆಕಾರ್ಡು.

“ಈ ದನಿ ನಂದೇ ಕಣಪ್ಪಾ,” ಅಂದಳು ಇಸೋಲಿನ್.

“ಏನಾದ್ರೂ ಗುರುತು ಇದ್ಯಾ, ಅಮ್ಮ? ನಂದೇ ಅಂತ ಬೇರೆಯವ್ರೂ ಬಂದಿದಾರೆ.”

“ಇದ್ದ ಗುರುತನ್ನ ನಾನೇ ಕೆರೆದೆ.”

ಹಾಡಿ ತೋರಿಸಿ ಅಂದರು. ಆಯುಷ್ಯವೆಲ್ಲ ಇದ್ದಿಲ ಹೊಗೆ ಕುಡಿದ ಗಂಟಲು, ಎರಡನೇ ಸಾಲಿಗೇ ಒಡೆಯಿತು. ನಾನು ಸಾಕ್ಷಿ ಹೇಳಹೋದರೆ, ಪಕ್ಕದ ಮನೆಯವರಲ್ವಾ ಎಂದು ನಕ್ಕರು.

ಅವಳಿಗೆ ಇದ್ದದ್ದು ಒಂದೇ ಆಸೆ, ನನ್ನ ಹತ್ತಿರ ಹೇಳಿಕೊಂಡಳು. “ಸಿನಿಮಾ ಕೊನೇಲಿ ಹೆಸರುಗಳು ಬರ್ತಾವಲ್ಲ ಎಗ್ಬರ್ಟ್, ಅಲ್ಲಿ ಒಂದ್ಸಲ ನಂದೂ ಬಂದ್ರೆ ಸಾಕು ಕಣೋ.”

ಇಗರ್ಜಿಯ ಸಭಾಂಗಣದಲ್ಲಿ ಒಂದು ಮಧ್ಯಾಹ್ನ ಸಿನಿಮಾ ತೋರಿಸಿದರು. ಭಾನುವಾರದ ಟೋಪಿ ಹಾಕಿಕೊಂಡು ಅವಳು ಮುಂದಿನ ಸಾಲಿನಲ್ಲೇ ಕೂತಳು. ತೆರೆಯ ಮೇಲಿನ ಲಾಸೆಲ್ಸ್ ಕೂಗಾಡಿದ, ಸಾಮಾನು ಒಡೆದ. ಅವನಿಗೆ ಊಟ ಹೊತ್ತು ಹೋಗುತ್ತಿದ್ದವಳು ಅದರಲ್ಲಿ ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಯಾವಳೋ ಕಡ್ಡಿಯಂಥ ನಟಿ ಬಾಯಿ ತೆರೆದಳು, ಇಸೋಲಿನ್‌ಳ ದನಿ ಹೊರಟಿತು. ಕೆಮ್ಮುತ್ತಿದ್ದವರೂ ಸುಮ್ಮನಾದರು.

ಕೊನೆಗೆ ಹೆಸರುಗಳು ಬಂದವು. ಕಾರು ಓಡಿಸಿದವನದು, ಅಡುಗೆ ಮಾಡಿದವಳದು, ಎಲ್ಲರದೂ. ಆ ಹಾಡಿನ ಎದುರಿಗೆ ಮಾತ್ರ, ಹಾಡಿದವರು ತಿಳಿದಿಲ್ಲ ಎಂದಿತ್ತು.

ನಾನು ಬೈಯುತ್ತ ಎದ್ದೆ. ಅವಳು ಅಂಗಿ ಹಿಡಿದು ಕೂರಿಸಿದಳು.

“ಬಿಡೋ. ಲಾಸೆಲ್ಸ್ ಗೆದ್ದ. ಇವತ್ತಿಗೂ ಯಾರಿಗೂ ಗೊತ್ತಾಗ್ಲಿಲ್ಲ ನೋಡು.”

ಹಾಗೆಂದು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅತ್ತಳು.