ಗೋರ್ವಾದ ತಾರಸಿಯ ಜೇನುಪೆಟ್ಟಿಗೆ

ಜೇನುಹುಳಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಧಾರವಾಡದ ನಮ್ಮ ಹಿತ್ತಲಲ್ಲಿ ಅಪ್ಪ ಎರಡು ಪೆಟ್ಟಿಗೆ ಸಾಕಿದ್ದ. ಹುಳ ಮುತ್ತಿದ ಎರಿಯ ಚೌಕಟ್ಟನ್ನು ಬರಿಗೈಯಲ್ಲಿ ಎತ್ತುವುದನ್ನು ಲಂಗ ಹಾಕುವ ವಯಸ್ಸಿಗೇ ಕಲಿತವಳು ನಾನು. ಗಂಡನಿಗೆ ಬ್ಯಾಂಕಿನ ವರ್ಗಾವಣೆಯಾಗಿ ವಡೋದರಕ್ಕೆ ಬಂದೆವು. ಗೋರ್ವಾದ ನಮ್ಮ ಬಿಲ್ಡಿಂಗಿನ ಮೀಟರ್ ಡಬ್ಬಿಯೊಳಗೆ ಒಂದು ದಿನ ತುಡುವೆ ಜೇನಿನ ಸಂಸಾರವೊಂದು ಬಂದು ಕೂತಿತು. ಎಲ್ಲರೂ ಔಷಧಿ ಹೊಡೆಯುವವನಿಗೆ ಫೋನ್ ಮಾಡಲು ಹೊರಟರೆ ನಾನು ಬಡಗಿಗೆ ಮಾಡಿದೆ. ಪೆಟ್ಟಿಗೆ ಬಂದ ಮೇಲೆ ರಾಣಿಯನ್ನು ಹುಡುಕಿ ಒಳಗೆ ಬಿಟ್ಟೆ, ಉಳಿದವು ತಾವಾಗಿಯೇ ಹಿಂದೆ ಹೋದವು. ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಪೆಟ್ಟಿಗೆ ಇಟ್ಟೆ. ಉತ್ತರಾಯಣದ ದಿನ ಇಡೀ ಬಿಲ್ಡಿಂಗು ಅಲ್ಲೇ ನಿಂತು ಗಾಳಿಪಟ ಹಾರಿಸಿತು. ಒಬ್ಬರಿಗೂ ಕಚ್ಚಲಿಲ್ಲ.

ಎಡವಟ್ಟಾದದ್ದು ಹುಳಗಳಿಂದಲ್ಲ, ನನ್ನ ಧಾರಾಳತನದಿಂದ. ಮೊದಲ ಜೇನನ್ನು ಬಾಟಲಿಗೆ ತುಂಬಿ ಕೆಳಮನೆಗೆ ಒಯ್ದೆ. ಅಲ್ಲಿದ್ದ ಅರವತ್ತು ದಾಟಿದ ಹೆಂಗಸನ್ನು ಎಲ್ಲರೂ ಬೆನ್ ಅನ್ನುತ್ತಿದ್ದರು, ನಮ್ಮಲ್ಲಿ ಅಕ್ಕಾ ಅಂದಹಾಗೆ. ಬಾಟಲಿ ನೋಡಿದ್ದೇ ಅವರು ಹಿಂದೆ ಸರಿದರು.

"ನಾವು ಜೈನರು. ಕುಡಿಯೋ ನೀರನ್ನೂ ಬಟ್ಟೇಲಿ ಸೋಸ್ತೀವಿ. ಇದಕ್ಕೆ ಎಷ್ಟು ಜೀವ ಹೋಗಿದ್ಯೋ!" ಎಂದರು ಹಿಂದಿಯಲ್ಲಿ.

ಧಾರವಾಡದಲ್ಲಿ ನಮ್ಮ ಓಣಿಯಲ್ಲೇ ಜೈನರ ಮನೆಗಳಿದ್ದವು. ನನಗೆ ಹೊಳೆಯಬಾರದೇ! ನಾಲಿಗೆ ಕಚ್ಚಿಕೊಂಡು ವಾಪಸು ಬಂದೆ. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಬೇವು ಹೂಬಿಡುವ ಹೊತ್ತಿಗೆ, ತಾರಸಿಯ ಪೆಟ್ಟಿಗೆ ತೆಗೆಸಬೇಕೆಂದು ಬೆನ್ ಸೊಸೈಟಿಯ ಕಾರ್ಯದರ್ಶಿಗೆ ಹೇಳಿದರು. ಭಾನುವಾರ ಮೀಟಿಂಗು ಎಂದಾಯಿತು. ಬೆನ್ ಮಾತನ್ನು ಆ ಬಿಲ್ಡಿಂಗಿನಲ್ಲಿ ಯಾರೂ ಮೀರುತ್ತಿರಲಿಲ್ಲ. ಪೆಟ್ಟಿಗೆ ಹೋಯಿತೆಂದೇ ಲೆಕ್ಕ.

ನನಗೆ ಮೈಯೆಲ್ಲ ಉರಿಯಿತು. ಸೀದಾ ಕೆಳಗಿಳಿದು ಅವರ ಬಾಗಿಲಲ್ಲಿ ನಿಂತು ಹೇಳಿದೆ: "ಶನಿವಾರ ಜೇನು ತೆಗೀತೀನಿ, ಬಂದು ಕಣ್ಣಾರೆ ನೋಡಿ. ಒಂದೇ ಒಂದು ಹುಳ ಸತ್ತರೂ ಪೆಟ್ಟಿಗೆ ನಾನೇ ಇಳಿಸ್ತೀನಿ, ಮೀಟಿಂಗೇ ಬೇಡ."

ಮನೆಯಲ್ಲಿ ಗಂಡ ತಲೆ ಚಚ್ಚಿಕೊಂಡ. "ಅಲ್ಲ ಮಾರಾಯ್ತಿ, ಹಿಂಗ ಪಂಥಾ ಕಟ್ಟಿ ಬರ್ತಾರೇನು? ಹುಳ ಏನು ನಿನ್ನ ಮಾತು ಕೇಳ್ತಾವೇನು?"

"ಕೇಳ್ತಾವ. ನಿಮಗಿಂತ ಛಲೋ ಕೇಳ್ತಾವ," ಅಂದೆ.

ಶನಿವಾರ ಬೆಳಿಗ್ಗೆ ಬೆನ್ ಬಂದರು, ಸೆರಗನ್ನು ಮೂಗಿಗೆ ಹಿಡಿದುಕೊಂಡು. ನಾನು ಒಂದೊಂದನ್ನೂ ತೋರಿಸುತ್ತಾ ಹೋದೆ. ಕೆಳಗಿನ ಕೋಣೆಯಲ್ಲಿ ರಾಣಿ, ಮೊಟ್ಟೆ, ಮರಿಗಳು. ಅದನ್ನು ನಾನು ಮುಟ್ಟುವುದೇ ಇಲ್ಲ. ಮೇಲಿನ ಕೋಣೆಯಲ್ಲಿ ಬರೀ ಜೇನು. ಅದರಲ್ಲೂ ಅರ್ಧ ಅವುಗಳಿಗೇ, ಬೇಸಿಗೆ ಕಳೆಯಬೇಕಲ್ಲ. ನವಿರಾದ ಬ್ರಷ್ಷಿನಿಂದ ಹುಳಗಳನ್ನು ಪೆಟ್ಟಿಗೆಯೊಳಕ್ಕೇ ಸರಿಸಿದೆ. ಎರಿಯ ಮೇಲಿನ ಮೇಣದ ಪದರ ಕೆತ್ತಿ, ಚೌಕಟ್ಟನ್ನು ಜೇನು ತೆಗೆಯುವ ಡ್ರಮ್ಮಿನಲ್ಲಿಟ್ಟು ತಿರುಗಿಸಿದೆ. ಜೇನು ಕೆಳಗಿಳಿಯಿತು, ಎರಿ ಇದ್ದ ಹಾಗೇ ಉಳಿಯಿತು. ಬೆನ್ ಸೆರಗು ಮೂಗಿನಿಂದ ಇಳಿಯಿತು. "ಮನೆ ಮುರಿಯೋದಿಲ್ವಾ?" ಎಂದು ಎರಡು ಸಲ ಕೇಳಿದರು. ನಾನು ಒಳಗೊಳಗೇ ಬೀಗುತ್ತಿದ್ದೆ.

ಆಗ ಡ್ರಮ್ಮಿನ ಅಂಚಿಗೆ ಜೇನು ಸೋರಿದ್ದನ್ನು ನಾನು ಗಮನಿಸಲಿಲ್ಲ. ಅದಕ್ಕೆ ಒಂದು ಹುಳ ಅಂಟಿಕೊಂಡು ಒದ್ದಾಡುತ್ತಿತ್ತು. ಬೆನ್ ನೋಡಿದರು. ಅಯ್ಯೋ ಪಾಪ ಎಂದು ಎರಡು ಬೆರಳಿನಿಂದ ಅದನ್ನು ಎತ್ತಿದರು. ಅದು ಕಚ್ಚಿತು.

ನಾನು ಓಡಿ ಉಗುರಿನಿಂದ ಮುಳ್ಳನ್ನು ಕೆರೆದು ತೆಗೆದೆ. ಅವರಿಗೆ ತಮ್ಮ ಬೆರಳಿನ ಚಿಂತೆಯೇ ಇರಲಿಲ್ಲ. ಹುಳ ನೆಲದ ಮೇಲೆ ತೆವಳುತ್ತಿತ್ತು.

"ಇದು ಬದುಕುತ್ತಾ?"

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವರಿಗೇನು ಗೊತ್ತು! ಆ ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ ಬೆನ್. ಕಚ್ಚಿದ ಹುಳ ಬದುಕೋದಿಲ್ಲ."

ಅವರು ಅಲ್ಲೇ ಕೂತುಬಿಟ್ಟರು. ಹುಳದ ಪಕ್ಕದಲ್ಲಿ, ಕಾದ ಸಿಮೆಂಟಿನ ಮೇಲೆ, ಅದು ಅಲುಗಾಡುವುದು ನಿಲ್ಲುವವರೆಗೂ ಮೆಲ್ಲಗೆ ತಮ್ಮ ಮಂತ್ರ ಹೇಳುತ್ತಾ ಕೂತರು. ಇಷ್ಟು ವರ್ಷದಲ್ಲಿ ಸತ್ತ ಹುಳ ಎಷ್ಟೋ ನೋಡಿದ್ದೇನೆ; ಒಂದರ ಪಕ್ಕದಲ್ಲೂ ಕೂತವಳಲ್ಲ. ಪೆಟ್ಟಿಗೆ ಮುಚ್ಚಿ ಹಗ್ಗ ಬಿಗಿಯತೊಡಗಿದೆ.

"ಏನು ಮಾಡ್ತಿದೀಯ?"

"ಮಾತು ಕೊಟ್ಟಿದ್ದೆನಲ್ಲ. ಊರಾಚೆ ತೋಟದವರಿಗೆ ಕೊಟ್ಟುಬಿಡ್ತೀನಿ."

"ಅದು ಸತ್ತಿದ್ದು ನನ್ನ ಕೈಯಿಂದ."

"ಸೋರಿದ ಜೇನು ನನ್ನದು ಬೆನ್."

"ಹಿಸುಕಿದ ಬೆರಳು ನನ್ನದು," ಎಂದು ಗದರಿ, ಮಾತಿಗೆ ಅವಕಾಶವನ್ನೇ ಕೊಡದೆ ಮೆಟ್ಟಿಲಿಳಿದು ಹೋದರು. ಸೆಣಸಾಟದಲ್ಲಿ ನನ್ನನ್ನು ಮೀರಿಸುವವರು ಗೋರ್ವಾದಲ್ಲಿ ಇದ್ದಾರೆಂದು ಅವತ್ತು ಗೊತ್ತಾಯಿತು.

ಭಾನುವಾರದ ಮೀಟಿಂಗಿಗೆ ಅವರು ಬಂದಾಗ ಬೆರಳು ಬದನೆಕಾಯಿಯಂತೆ ಊದಿತ್ತು. ಮುಖ ಬಾಡಿತ್ತು. ಆ ಹುಳಕ್ಕಾಗಿ ಅತ್ತೆ ಅವತ್ತು ಉಪವಾಸ, ಬರೀ ಕಾಯಿಸಿ ಆರಿಸಿದ ನೀರು ಎಂದು ಅವರ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು. ಬೆನ್ ಎದ್ದು ನಿಂತರು.

"ಜೇನು ತೆಗೆಯೋದು ನನಗೆ ಒಪ್ಪಿಗೆ ಇಲ್ಲ, ಇನ್ನು ಮುಂದೂ ಇರಲ್ಲ. ಆದ್ರೆ ಈಕೆ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆ ಹುಳಗಳು ಈಕೆ ಹತ್ರಾನೇ ಇರಲಿ." ಅಷ್ಟೇ ಹೇಳಿ ಕೂತರು. ಕಾರ್ಯದರ್ಶಿ ಲಿಫ್ಟಿನ ರಿಪೇರಿಯ ವಿಷಯ ಎತ್ತಿಕೊಂಡರು.

ನಾನೇನು ಜೇನು ತೆಗೆಯುವುದನ್ನು ಬಿಟ್ಟಿಲ್ಲ. ಯಾಕೆ ಬಿಡಲಿ? ತೆಗೆಯುವುದು ನನಗೆ ಗೊತ್ತು, ಚೆನ್ನಾಗಿಯೇ ಗೊತ್ತು. ಈಗ ಡ್ರಮ್ಮಿನ ಅಂಚನ್ನು ಮತ್ತೆ ಮತ್ತೆ ಒರೆಸುತ್ತೇನೆ, ಅಷ್ಟೇ. ಮತ್ತೆ, ಅವುಗಳ ಅರ್ಧ ಪಾಲು ಬಿಟ್ಟ ಮೇಲೂ ತುಂಬಿದ ಒಂದು ಚೌಕಟ್ಟನ್ನು ಒಳಗೇ ಇಡುತ್ತೇನೆ. ಮೊದಲ ಸಲ ಹಾಗೆ ಇಟ್ಟಾಗ ಗಂಡ ಕೇಳಿದ: "ಅದೊಂದು ಯಾಕ ಬಿಟ್ಟಿ? ಯಾರ ಪಾಲು ಅದು?"

"ಕೆಳಮನಿ ಬೆನ್ ಪಾಲು."

"ಅವರು ಜೇನು ತಿನ್ನೂದಿಲ್ಲಲ್ಲ!"

"ಅದಕ್ಕ ಅವರ ಪಾಲು ಹುಳಗೋಳೇ ತಿಂತಾವ," ಅಂದು ಮುಚ್ಚಳ ಹಾಕಿದೆ.