ಅಣ್ಣನ ಮೂಸಂಬಿ ತೋಟ

ಊರಿಗಾಂನ ಚಿನ್ನದ ಗಣಿ ಕೆಲಸಗಾರರ ಲೈನು ಮನೆಗಳಲ್ಲಿ ಅನಸೂಯಮ್ಮನ ಕೈರುಚಿಗೆ ಒಳ್ಳೆಯ ಹೆಸರಿತ್ತು. ಅವಳು ಹುರುಳಿಕಾಳು ಬಸ್ಸಾರಿಗೆ ಒಗ್ಗರಣೆ ಕೊಟ್ಟಳೆಂದರೆ ಪಕ್ಕದ ಮನೆಯ ಪೆರುಮಾಳ್ ಹೆಂಡತಿ ಬಟ್ಟಲು ಹಿಡಿದು ಬಾಗಿಲಿಗೆ ಬರುತ್ತಿದ್ದಳು. ಕ್ಯಾಸಂಬಳ್ಳಿ ಕಡೆಯ ರೈತರ ಮನೆಯಲ್ಲಿ ಹುಟ್ಟಿದ ಅನಸೂಯಮ್ಮ, ಗಣಿಯ ಮರದ ಯಾರ್ಡಿನಲ್ಲಿ ದಿಮ್ಮಿ ಕೊಯ್ಯುವ ಕದಿರಪ್ಪನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಒಂದೂವರೆ ಕೋಣೆಯ ಮನೆ, ಬೀದಿ ನಲ್ಲಿಯಲ್ಲಿ ಮೂರು ಭಾಷೆಯ ಜಗಳ, ಯಾವುದೂ ಅವಳಿಗೆ ಹಿಡಿಸಿರಲಿಲ್ಲ. ಗಂಡ ಮಾತ್ರ ಹಿಡಿಸಿದ್ದ. ಬಡಿಸಿದ್ದನ್ನು ಪೂರ್ತಿ ಉಂಡು, ಕೈ ತೊಳೆಯುವ ಮೊದಲು "ಎನ್ನಾಗೈತೆ" ಎಂದು ಹೊಗಳಿಯೇ ಏಳುವ ಗಂಡ ಆ ಸಾಲಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಸಾರು ತಳ ಹಿಡಿದ ದಿನವೂ ಅವನು ಹಾಗೇ ಅಂದಾಗ, ತನ್ನ ಮನಸ್ಸು ನೋಯಬಾರದೆಂದು ಹೀಗನ್ನುತ್ತಾನೆ ಎಂದುಕೊಂಡಿದ್ದಳು. ಅದನ್ನು ತವರಿನಲ್ಲಿ ಹೇಳಿಕೊಂಡು ಹಿಗ್ಗಿದ್ದಳು.

ಅವಳ ಅಣ್ಣ ಚಿಕ್ಕಮುನಿಯಪ್ಪ ಬೇತಮಂಗಲದ ಕೆರೆಯ ಕೆಳಗೆ, ಹೆಂಡತಿ ಮುತ್ಯಾಲಮ್ಮನಿಗೆ ತವರಿನಿಂದ ಬಂದ ಜಮೀನಿನಲ್ಲಿ ಮೂಸಂಬಿ ಹಾಕಿದ್ದ. ಎಂಬತ್ತರ ದಶಕದ ಶುರುವಿನಲ್ಲಿ ಗಿಡಗಳು ಮೊದಲ ಸಲ ತುಂಬಾ ಕಾಯಿ ಬಿಟ್ಟವು. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಎಲ್ಲರೂ ಬಂದು ಕಿತ್ತುಕೊಂಡು ಹೋಗಿ ಎಂದು ಅಣ್ಣ ಹೇಳಿ ಕಳಿಸಿದ. ಬಾವಿಯ ಹತ್ತಿರ ಎರಡು ಹೇರಳೆಗಿಡಗಳೂ ಇದ್ದವು. ವರ್ಷಕ್ಕಾಗುವಷ್ಟು ಉಪ್ಪಿನಕಾಯಿ ಹಾಕಬಹುದೆಂದು ಅನಸೂಯಮ್ಮ ಎರಡು ಚೀಲ ಮಡಚಿಕೊಂಡಳು. ಗಂಡ, ಮಗಳು ಗಂಗರತ್ನ ಜೊತೆಗೆ ಹೊರಟರು. ಗಂಗರತ್ನ ಆಗ ನಾಲ್ಕನೇ ಕ್ಲಾಸು.

ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದು ತೋಟ ಸೇರುವಾಗ ಬಿಸಿಲು ಏರಿತ್ತು. ಮುತ್ಯಾಲಮ್ಮ ಮಜ್ಜಿಗೆ ಕೊಟ್ಟಳು. ಕಾಯನ್ನು ಎಳೆದು ಕೀಳಬಾರದು, ತಿರುಚಿ ತೊಟ್ಟಿನ ಸಮೇತ ಬಿಡಿಸಬೇಕು, ಎಳೆದರೆ ತೊಟ್ಟಿನ ಹತ್ತಿರ ಸಿಪ್ಪೆ ಕಿತ್ತು ಬೇಗ ಕೊಳೆಯುತ್ತದೆ ಎಂದು ಅಣ್ಣ ತೋರಿಸಿಕೊಟ್ಟ. ಬೇಲಿ ಪಕ್ಕದ ಕೊನೇ ಸಾಲಿಗೆ ಮೊನ್ನೆ ತಾನೇ ಹುಳದ ಔಷಧಿ ಹೊಡೆದಿದ್ದರು. ಅತ್ತ ಹೋಗಬೇಡಿ ಎಂದು ಹೆಂಗಸರಿಗೆ ಹೇಳಿದ ಚಿಕ್ಕಮುನಿಯಪ್ಪ, ಆಗ ಬಾವಿಯ ಹತ್ತಿರ ಕಾಲು ತೊಳೆಯುತ್ತಿದ್ದ ತಂಗಿಯ ಗಂಡನಿಗೆ ಬೇರೆಯಾಗಿ ಹೇಳಲಿಲ್ಲ. ಆ ಸಾಲಿನ ಹತ್ತಿರ ಹೋದರೆ ಮೂಗು ಹಿಡಿದುಕೊಂಡು ವಾಪಸು ಬರಬೇಕು, ಹಾಗಿತ್ತು ನಾತ. ಇನ್ನು ಹೇಳುವುದೇನು ಎಂದುಕೊಂಡಿರಬೇಕು.

ಅನಸೂಯಮ್ಮ ಅತ್ತಿಗೆಯ ಜೊತೆ ಹೇರಳೆಕಾಯಿ ಬಿಡಿಸುತ್ತಿದ್ದಳು. ಮುಳ್ಳು ಚುಚ್ಚದಂತೆ ಕೈಗೆ ಹಳೇ ಬಟ್ಟೆ ಸುತ್ತಿಕೊಂಡು, ಲೈನು ಮನೆಯವರ ಸುದ್ದಿ ಹೇಳುತ್ತಾ ಅರ್ಧ ಚೀಲ ತುಂಬಿಸಿದ್ದಳು. ಮಗಳ ಅಳುವ ದನಿ ಕೇಳಿ ಬೇಲಿಯ ಕಡೆ ತಿರುಗಿದಳು. ಕದಿರಪ್ಪ ಕೊನೇ ಸಾಲಿನ ಗಿಡದ ಕೆಳಗೆ ಕೂತು, ಮೂಸಂಬಿ ಸುಲಿದು ಮಗಳ ಬಾಯಿಗೆ ಹಿಡಿದಿದ್ದ. ಮಗಳು ಬಾಯಿ ಮುಚ್ಚಿಕೊಂಡು ತಲೆ ಆಡಿಸುತ್ತಿದ್ದಳು. ಮಾವ ಅಕ್ಕರೆಯಿಂದ ಬೆಳೆಸಿದ ಹಣ್ಣನ್ನು ಹೀಗೆ ಬೇಡ ಅನ್ನಬಾರದು ಎಂದು ಅವನು ಗದರುತ್ತಿದ್ದ. ಕೊನೆಗೆ ನೋಡು, ನಾನು ತಿಂತೀನಿ ಎಂದು ಒಂದು ತೊಳೆ ತನ್ನ ಬಾಯಿಗೇ ಹಾಕಿಕೊಂಡ.

ಮೊದಲು ಓಡಿದವಳು ಮುತ್ಯಾಲಮ್ಮ. ಅವನ ಕೈಗೆ ಹೊಡೆದು ಹಣ್ಣು ಕೆಳಗೆ ಬೀಳಿಸಿದಳು.

"ಉಗೀರಿ ಅಣ್ಣ. ಔಸ್ದಿ ಒಡೆದಿರೋ ಗಿಡ ಇದು."

ಕದಿರಪ್ಪ ಉಗಿದ. ಬಾವಿಯ ಹತ್ತಿರ ಅವನ ಕೈ ಬಾಯಿ ತೊಳೆಸಿ, ಮತ್ತೆ ಮತ್ತೆ ಮುಕ್ಕಳಿಸಲು ಹೇಳಿದರು. ಮಗಳ ಕೈಗೂ ಸೋಪು ಹಾಕಿದರು. ಅವಳು ಒಂದು ತೊಳೆಯನ್ನೂ ತಿಂದಿರಲಿಲ್ಲ. ಚಿಕ್ಕಮುನಿಯಪ್ಪನಿಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ಅಷ್ಟು ನಾತ ಹೊಡೆಯುವಾಗ ಮಗುವಿನ ಬಾಯಿಗೆ ಹಿಡಿಯುತ್ತೀರಲ್ಲ, ಬೆಳಿಗ್ಗೆಯೇ ಕುಡಿದು ಬಂದಿದ್ದೀರಾ ಎಂದು ತಂಗಿಯ ಗಂಡನನ್ನು ಕೇಳಿಬಿಟ್ಟ. ಕದಿರಪ್ಪನಿಗೆ ಕುಡಿಯುವ ಅಭ್ಯಾಸವೇ ಇರಲಿಲ್ಲ. ಅವನು ಬಾವಿಕಟ್ಟೆಯ ಮೇಲೆ ಕೂತು ಮಗಳನ್ನೇ ನೋಡುತ್ತಿದ್ದ.

ಅಣ್ಣ ಅತ್ತಿಗೆ ಆಚೆ ಹೋದ ಮೇಲೆ ಅವನು ಹೆಂಡತಿಗೆ ಹೇಳಿದ.

"ನಂಗೆ ವಾಸ್ನೆ ಗೊತ್ತಾಗಲ್ಲ ಅನಸೂಯ. ಯಾವ್ದೂ ಗೊತ್ತಾಗಲ್ಲ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ನೆಗಡಿಯೇ ಎಂದು ಕೇಳಿದಳು. ಅವನು ನಿಧಾನವಾಗಿ ಬಿಡಿಸಿ ಹೇಳಿದ. ಮದುವೆಗೆ ಹಿಂದಿನ ವರ್ಷ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ಹಿಂದಲೆ ಒಡೆದಿತ್ತು. ಗಾಯ ಮಾಯಿತು, ಮೂಗು ಸತ್ತುಹೋಯಿತು. ಹೆಣ್ಣು ನೋಡಲು ಬಂದಾಗ ಅವನ ತಾಯಿ ಅದನ್ನೆಲ್ಲ ಹೇಳಬೇಡ ಅಂದರು. ಆಮೇಲೆ ಹೇಳೋಣ ಅಂದುಕೊಂಡರೆ, ಅವಳು ದಿನಾ ತಟ್ಟೆಯ ಮುಂದೆ ಕೂತು ಹೇಗಿದೆ ಎಂದು ಕೇಳುತ್ತಿದ್ದಳು. ಏನನ್ನಬೇಕೋ ತಿಳಿಯದೆ ಒಂದೇ ಮಾತು ಕಲಿತುಕೊಂಡ.

"ಅಂಗಾರೆ ನಾನು ಮುಡ್ಕೊಂಡಿದ್ದ ಕನಕಾಂಬ್ರ ಗಮಗಮ ಅಂತೈತೆ ಅಂದಿದ್ರಲ್ಲ?" ಎಂದು ಅವಳು ಕೇಳಿದಳು. ಕನಕಾಂಬರಕ್ಕೆ ವಾಸನೆಯೇ ಇಲ್ಲವೆಂದು ಅವನಿಗೆ ಅವತ್ತು ಗೊತ್ತಾಯಿತು. ಅವನು ಹಾಗಂದಿದ್ದಾಗ ತಾನು ಅದನ್ನು ಪ್ರೀತಿಯ ಚೇಷ್ಟೆಯೆಂದು ತಿಳಿದು ನಕ್ಕಿದ್ದು ಅವಳಿಗೆ ನೆನಪಾಗಿ ಮುಖ ಬಿಸಿಯಾಯಿತು. ಇಷ್ಟು ವರ್ಷ ಯಾರಿಗೆ ಅಡುಗೆ ಮಾಡಿದೆ ಎನಿಸಿತು. ಎದ್ದು ಹೋಗಿ ಮಿಕ್ಕ ಹೇರಳೆಕಾಯಿಗಳನ್ನೆಲ್ಲ ಒಬ್ಬಳೇ ಬಿಡಿಸಿದಳು. ಬಟ್ಟೆ ಸುತ್ತಿಕೊಳ್ಳಲಿಲ್ಲ. ಮುಂಗೈಯೆಲ್ಲ ಗೀರಿಹೋಯಿತು.

ಮಧ್ಯಾಹ್ನ ಮುದ್ದೆ ಊಟಕ್ಕೆ ಕೂತಾಗ ಕದಿರಪ್ಪ ಭಾವನಿಗೂ ವಿಷಯ ತಿಳಿಸಿದ. ಚಿಕ್ಕಮುನಿಯಪ್ಪ ಎದ್ದುಹೋಗಿ, ಮುತ್ಯಾಲಮ್ಮನ ಹಳೇ ಕೆಂಪು ಸೀರೆ ಹರಿದು, ಕೊನೇ ಸಾಲಿನ ಗಿಡಗಳಿಗೆಲ್ಲ ಒಂದೊಂದು ಚೂರು ಕಟ್ಟಿ ಬಂದ. ಅನಸೂಯಮ್ಮ ಅಷ್ಟರಲ್ಲಿ ಒಂದು ಹೇರಳೆಕಾಯಿ ಹೋಳು ಮಾಡಿ, ಉಪ್ಪು ಕಾರ ಉದುರಿಸಿ, ಗಂಡನ ತಟ್ಟೆಯ ಅಂಚಿಗಿಟ್ಟಿದ್ದಳು. ಮಾತು ಇನ್ನೂ ಬಿಗಿಯಾಗಿಯೇ ಇತ್ತು.

"ಇದು ಗೊತ್ತಾಯ್ತದಾ?"

ಅವನು ಕಚ್ಚಿ ಕಣ್ಣು ಕಿರಿದು ಮಾಡಿದ. ಹುಳಿ ಗೊತ್ತಾಗುತ್ತೆ, ಉಪ್ಪು ಕಾರ ಗೊತ್ತಾಗುತ್ತೆ, ಹಲ್ಲಿಗೆ ಸಿಕ್ಕಿದ್ದು ಮೆತ್ತಗೋ ಗರಿಯೋ ಅದೂ ಗೊತ್ತಾಗುತ್ತೆ ಎಂದ. ಉಪ್ಪು ಸ್ವಲ್ಪ ಜಾಸ್ತಿ ಆಯ್ತು ಅಂತಲೂ ಸೇರಿಸಿದ. ಅವಳು ರೇಗಿದಳು. ಮುತ್ಯಾಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಅನಸೂಯಮ್ಮನ ಸಿಟ್ಟು ಇಳಿಯಲು ಬೇಸಿಗೆ ಬರಬೇಕಾಯಿತು. ಆದರೆ ಮಾರನೇ ದಿನದಿಂದಲೇ ಮನೆಯ ಹಾಲು, ಸೀಮೆಎಣ್ಣೆ, ಹಿಂದಿನ ರಾತ್ರಿಯ ಸಾರು ಎಲ್ಲವನ್ನೂ ಮೂಸುವ ಕೆಲಸ ಅವಳದೂ ಮಗಳದೂ ಆಯಿತು. ಯಾರ್ಡಿನಲ್ಲಿ ಎಲ್ಲಾದರೂ ಬೆಂಕಿ ಹೊತ್ತಿಕೊಂಡರೆ ಇವನಿಗೆ ಕೂಗಿ ಹೇಳಬೇಕೆಂದು ಜೊತೆ ಕೆಲಸದವರಿಗೂ ಗಂಡನಿಂದಲೇ ಹೇಳಿಸಿದಳು. ಅವನ ತಟ್ಟೆಗೆ ಹುರಿದ ಕಡಲೆಬೀಜ, ಹಪ್ಪಳ, ಹುಳಿ ಮುಂದಾದ ಸಾರು ಬೀಳತೊಡಗಿದವು. ಅಡುಗೆ ಹೇಗಿದೆಯೆಂದು ಕೇಳಬೇಕಾದಾಗ ಪೆರುಮಾಳ್ ಹೆಂಡತಿಯನ್ನು ಕೇಳುತ್ತಿದ್ದಳು.

ತೊಂಬತ್ತರಾಚೆ ಗಂಗರತ್ನಳಿಗೆ ಬಂಗಾರಪೇಟೆಯಿಂದ ಸಂಬಂಧ ಬಂತು. ಹುಡುಗನಿಗೆ ಎಡಗಿವಿ ಸರಿಯಾಗಿ ಕೇಳುವುದಿಲ್ಲವೆಂದು ಹುಡುಗನ ತಂದೆ ವೆಂಕಟೇಶಪ್ಪನವರೇ ಕಾಫಿ ಕುಡಿಯುವ ಮೊದಲು ಹೇಳಿದರು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅನಸೂಯಮ್ಮ ಮಗಳನ್ನು ಒಳಗೆ ಕರೆದು ಕೇಳಿದಳು. ಮಗಳು ಆಗಲಿ ಅಂದಳು. ತಾಯಿ ಹೊರಗೆ ಬಂದು, ಕಾಫಿ ಆರುತ್ತೆ, ಕುಡೀರಿ ಎಂದು ಹುಡುಗನ ಬಲಗಡೆ ನಿಂತು ಲೋಟ ಕೊಟ್ಟಳು.