ಎಡಕ್ಕಿದ್ದ ಬಾಣ

ಮುನಿರಾಜಣ್ಣ, ಆ ಕವಲುದಾರಿಯಲ್ಲಿ ನೀವು ದಾರಿ ತಪ್ಪಲಿಲ್ಲ. ನಾನು ಬರೆದುಕೊಟ್ಟ ನಕ್ಷೆಯಲ್ಲಿ ಬಾಣದ ಗುರುತು ಎಡಕ್ಕೇ ಇತ್ತು. ನೀವು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ಅದನ್ನು ಕೆರೆದು ಬಲಕ್ಕೆ ತಿರುಗಿಸಿದವನು ನಾನು. ಇಷ್ಟು ಹೇಳುವುದಕ್ಕೆ ನನಗೆ ಆರು ವರ್ಷ ಬೇಕಾಯಿತು.

ಇದನ್ನು ನಿಮಗೆ ಬರೆಯುತ್ತಿದ್ದೇನೆ, ಆದರೆ ನಿಮ್ಮ ಮಗ ನಾಗೇಶನೂ ಕೇಳಬೇಕು, ಸೊಸೆಯೂ ಕೇಳಬೇಕು. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ಕಂಪ್ಯೂಟರ್ ಬಂದ ಮೇಲೆ ನನ್ನ ಕೈಗೆರೆಯನ್ನು ಕೇಳುವವರು ಯಾರೂ ಇರಲಿಲ್ಲ. ಸ್ಟೋರಿನ ಮೂಲೆಯಲ್ಲಿ ಒಂದು ಮೇಜು ಕೊಟ್ಟು ಕೂರಿಸಿದ್ದರು. ಮದುವೆ ಆಗಲಿಲ್ಲ. ಭಾನುವಾರ ಬಂತೆಂದರೆ ದಾಸರಹಳ್ಳಿಯ ಬಾಡಿಗೆ ಮನೆಯ ಗೋಡೆ ನೋಡುತ್ತಾ ಕೂರಲಾಗದೆ ಸೈಕಲ್ ಹತ್ತುತ್ತಿದ್ದೆ. ಏರ್‌ಪೋರ್ಟ್ ಶುರುವಾಗಿ ಎರಡು ವರ್ಷವಾಗಿತ್ತು. ಒಂದು ಬೆಳಗ್ಗೆ ಚಿಕ್ಕಜಾಲದ ಹತ್ತಿರ ಟ್ಯಾಕ್ಸಿಗಳ ಭರಾಟೆಗೆ ಹೆದರಿ ರಸ್ತೆ ಪಕ್ಕ ಇಳಿದು ನಿಂತಿದ್ದೆ. ನೀವು ಕರಿ ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಬಂದು, ನನ್ನ ಹೆಲ್ಮೆಟ್ಟು ನೋಡಿ ನಕ್ಕುಬಿಟ್ಟಿರಿ.

"ಟಾರ್ ರೋಡ್‌ನಾಗೆ ಸಾಯಕ್ ಯಾಕ್ ಓಯ್ತೀಯ? ಬಾ, ಬಂಡಿ ದಾರಿ ಐತೆ."

ಆವತ್ತಿನಿಂದ ನನಗೆ ಭಾನುವಾರಗಳು ಸಿಕ್ಕವು. ಯಾವ ಕೆರೆ ಏರಿ ಹತ್ತಿದರೆ ಎಲ್ಲಿ ಇಳಿಯಬಹುದು, ಯಾವ ತೋಪಿನ ಹಿಂದೆ ಹಳೇ ದಾರಿ ಇದೆ — ಎಲ್ಲವೂ ನಿಮ್ಮ ತಲೆಯಲ್ಲಿತ್ತು. ನನಗೊಬ್ಬನಿಗೇ ಅಲ್ಲ. ಭಾಗ ಮಾಡಿಕೊಳ್ಳುವ ಅಣ್ಣತಮ್ಮಂದಿರು, ಲೇಔಟ್ ಮಾಡುವವರು, ಕಾಲುವೆ ಎಲ್ಲಿತ್ತು, ಗಡಿಕಲ್ಲು ಎಲ್ಲಿತ್ತು ಎಂದು ಕೇಳಲು ನಿಮ್ಮ ಮನೆಗೇ ಬರುತ್ತಿದ್ದರು. ನೀವು ಕಡ್ಡಿಯಲ್ಲಿ ನೆಲದ ಮೇಲೆ ಗೀಚಿ ತೋರಿಸಿದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಆ ದಾರಿಗಳನ್ನೆಲ್ಲ ನಾನು ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆಯುತ್ತಿದ್ದೆ. ಅದನ್ನು ಬೆಳಕಿಗೆ ಹಿಡಿದು, "ನಿನ್ ಗೀಟು ಎಂಗ್ ಐತೆ ಗೊತ್ತಾ ಪರ್ಕಾಸಾ, ನೂಲ್ ಎಳ್ದಂಗೆ," ಎನ್ನುತ್ತಿದ್ದಿರಿ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಲ್ಲಿ ಯಾರೂ ಅಷ್ಟು ಹೇಳಿರಲಿಲ್ಲ. ಆ ಮಾತಿಗೆ ನಾನು ಎಷ್ಟು ಹಸಿದಿದ್ದೆ ಅಂದರೆ — ಮುಂದಿನದೆಲ್ಲ ಅದರಿಂದಲೇ ಆಯಿತು.

ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಿನಾಕಿನಿ ಆಂಧ್ರದ ಗಂಡಿಕೋಟೆಯಲ್ಲಿ ಬಂಡೆ ಸೀಳಿಕೊಂಡು ಹರಿಯುತ್ತದೆ ಎಂದು ನಾನೇ ನಿಮಗೆ ಹೇಳಿದ್ದು. ನೀವು ನಂಬಲಿಲ್ಲ.

"ನಮ್ ಬೆಟ್ಟದ್ ನೀರಾ? ಇಲ್ಲಿ ಎಮ್ಮೆ ಮೈ ತೊಳ್ಯಕ್ ಸಾಲಕಿಲ್ಲ, ಅಲ್ಲಿ ಬಂಡೆ ಸೀಳ್ತದಾ? ನಡಿ, ನೋಡೇ ಬುಡಣ."

ದೊಡ್ಡ ರಸ್ತೆ ಮುಟ್ಟದೆ, ಹಳ್ಳಿ ದಾರಿಯಲ್ಲೇ ಗಂಡಿಕೋಟೆಯವರೆಗೆ ಸೈಕಲ್ಲಿನಲ್ಲಿ ಹೋಗುವುದೆಂದು ಮಾತಾಯಿತು. ದಾರಿ ನೋಡಿಕೊಂಡು ಬರಲು ದೀಪಾವಳಿ ರಜೆಯಲ್ಲಿ ನಾನೊಬ್ಬನೇ ಹೋದೆ. ಹಿಂದೂಪುರ, ಕದಿರಿ ದಾಟಿ, ತಾಡಿಪತ್ರಿ ಕಳೆದ ಮೇಲೆ ನೆಲದ ಬಣ್ಣವೇ ಬೇರೆ. ಸುಣ್ಣಕಲ್ಲಿನ ಬಯಲು. ನಮ್ಮ ಅಡುಗೆಮನೆಗಳಲ್ಲಿ ಹಾಸುವ ಕಡಪ ಕಲ್ಲನ್ನು ಅಲ್ಲಿ ಹೊಲದ ಬೇಲಿಗೆ ನಿಲ್ಲಿಸಿರುತ್ತಾರೆ. ಗಂಟೆಗೊಂದು ಗಾಡಿ ಬಂದರೆ ಹೆಚ್ಚು. ನನ್ನ ಚೈನಿನ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಆ ಮೌನ ಮೊದಮೊದಲು ಹಿತವಾಗಿತ್ತು. ನಾಲ್ಕನೇ ದಿನ ಮಂಡಿ ಊದಿಕೊಂಡಿತು, ನೀರು ಮುಗಿಯಿತು, ಅಳು ಬಂದಂತಾಯಿತು. ಕಲ್ಲು ಸಾಗಿಸುವ ಲಾರಿಯೊಂದು ನಿಂತಿತು. ಸೈಕಲ್ಲನ್ನು ಕಲ್ಲಿನ ಮೇಲೆ ಮಲಗಿಸಿ ಕ್ಯಾಬಿನ್ನಿನಲ್ಲಿ ಕೂತೆ. ಕೂತವನು ನಿದ್ದೆ ಹೋದೆ. ಎಚ್ಚರವಾದಾಗ ಮೂವತ್ತು ಕಿಲೋಮೀಟರ್ ಕಳೆದುಹೋಗಿತ್ತು. ಉಳಿದ ದಾರಿ ತುಳಿದು ಕೋಟೆಯ ಬಾಗಿಲು ಮುಟ್ಟಿ, ಬೇರೆ ದಾರಿಯ ಬಸ್ಸಿನಲ್ಲಿ ವಾಪಸ್ ಬಂದೆ.

ಆ ಮೂವತ್ತು ಕಿಲೋಮೀಟರನ್ನು ಹಾಳೆಯ ಮೇಲೆ ಖಾಲಿ ಬಿಡಬಹುದಿತ್ತು. 'ಇಲ್ಲಿ ಕೇಳಿಕೊಂಡು ಹೋಗಿ' ಎಂದು ಬರೆಯಬಹುದಿತ್ತು. ಆದರೆ ಗೆರೆ ನಡುವೆ ಕಡಿದರೆ ನೋಡಲು ಚೆನ್ನಾಗಿರುವುದಿಲ್ಲವಲ್ಲ! ನಾನು ಗೆರೆ ಎಳೆದೆ. ನಿದ್ದೆಗಣ್ಣಿನಲ್ಲಿ ಒಂದು ಕವಲು ಕಂಡ ನೆನಪಿತ್ತು. ಲಾರಿ ಎಡಕ್ಕೆ ವಾಲಿದಂತೆ ಅನ್ನಿಸಿತ್ತು. ಬಾಣವನ್ನು ಎಡಕ್ಕೆ ಹಾಕಿದೆ. "ಇಂಚಿಂಚೂ ತುಳಿದು ಬಂದಿದ್ದೀನಿ ಅಣ್ಣಾ," ಎಂದು ಹೇಳಿ ಹಾಳೆಯನ್ನು ನಿಮ್ಮ ಕೈಗಿಟ್ಟೆ.

ಶಿವರಾತ್ರಿ ಕಳೆದ ಮೇಲೆ ಹೊರಟೆವು. ನಾಲ್ಕು ದಿನ ಚೆನ್ನಾಗಿಯೇ ಹೋಯಿತು. ಐದನೇ ದಿನ ಬೆಳಗ್ಗೆ ನನ್ನ ಟೈರಿಗೆ ಜಾಲಿ ಮುಳ್ಳು ಹೊಕ್ಕಿತು. ನೀವು ನಿಧಾನವಾಗಿ ತುಳಿಯುವವರು; ಮುಂದೆ ಹೊರಡುತ್ತೇನೆ, ಬಿಸಿಲೇರುವ ಮುಂಚೆ ಕೋಟೆ ಹತ್ತಿರ ಸಿಗೋಣ ಎಂದಿರಿ. ದಾರಿಯಲ್ಲಿ ಯಾರನ್ನಾದರೂ ಕೇಳಿಕೊಳ್ಳಿ ಎಂದೆ.

"ನಿನ್ ಚೀಟಿ ಇರೋವಾಗ ಯಾರ್ನ ಕೇಳ್ಲಿ?"

ನೀವು ಹೋದಿರಿ. ಒಂದು ಗಂಟೆ ಬಿಟ್ಟು ನಾನು ಆ ಕವಲಿಗೆ ಬಂದೆ. ಕುರಿ ಕಾಯುವವನೊಬ್ಬ ಸಿಕ್ಕಿದ. ಕೋಟೆಗೆ ಬಲಕ್ಕೆ ಹೋಗಬೇಕು, ಎಡಕ್ಕೆ ಹೋದರೆ ಮುಚ್ಚಿದ ಕಲ್ಲುಗಣಿ, ಆಚೆಗೆ ಊರೇ ಇಲ್ಲ ಎಂದು ತೆಲುಗಿನಲ್ಲಿ ಹೇಳಿದ. ನನಗೆ ತಿಳಿಯಿತು. ಆಗಲೇ ತಿಳಿಯಿತು. ಎಡಗಡೆಯ ಬಿಳಿ ಧೂಳಿನಲ್ಲಿ ನಿಮ್ಮ ಟೈರಿನ ಗುರುತು ಇದೆಯೇ ಎಂದು ಬಗ್ಗಿ ನೋಡಿದ್ದರೆ — ನೋಡಲಿಲ್ಲ. ಅಣ್ಣ ಖಂಡಿತ ಯಾರನ್ನಾದರೂ ಕೇಳಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಮ್ಮ ಹಿಂದೆ ಬಂದು ಕೂಗಿದರೆ ನಕ್ಷೆ ತಪ್ಪು ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಬಲಕ್ಕೆ ತಿರುಗಿ ತುಳಿದೆ.

ಕೋಟೆಯ ಹಿಂದಿನ ಬಂಡೆಯ ಅಂಚಿನಲ್ಲಿ ಕೂತು ಕಾದೆ. ಕೆಳಗೆ, ಬಹಳ ಕೆಳಗೆ, ನಮ್ಮ ಬೆಟ್ಟದ ನದಿ ಹಸಿರಾಗಿ ನಿಂತಿತ್ತು. ಕೆಂಪು ಬಂಡೆಯನ್ನು ಎರಡು ಹೋಳು ಮಾಡಿತ್ತು. ಅಂಥ ನೋಟ ನಾನು ಮತ್ತೆ ಕಂಡಿಲ್ಲ. ಪಕ್ಕದಲ್ಲಿ ನೀವಿಲ್ಲದೆ ಅದನ್ನು ನೋಡುವುದು ಎಷ್ಟು ಸಂಕಟವಾಯಿತೆಂದರೆ ಕೊನೆಗೆ ಅತ್ತ ಬೆನ್ನು ಮಾಡಿ ದಾರಿ ನೋಡುತ್ತಾ ಕೂತೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಯಾಯಿತು, ಮೂರಾಯಿತು. ನಾಲ್ಕು ಗಂಟೆ ಕಳೆದ ಮೇಲೆ ಎದ್ದೆ.

ಗಣಿಯ ಕಲ್ಲಿನ ರಾಶಿಯ ಪಕ್ಕ ನೀವು ಬಿದ್ದಿದ್ದಿರಿ. ತುಟಿ ಒಡೆದಿತ್ತು. ನನ್ನನ್ನು ಯಾರೆಂದು ಗುರುತಿಸಲಿಲ್ಲ. ನಾನು ಕವಲಿನವರೆಗೆ ಹೋಗಿ ಕರೆತಂದ ಟ್ರ್ಯಾಕ್ಟರ್‌ನವರು ಇಬ್ಬರನ್ನೂ ಹತ್ತಿರದ ಊರಿನ ಆಸ್ಪತ್ರೆಗೆ ಮುಟ್ಟಿಸಿದರು. ಬಿಸಿಲಿನ ಏಟು, ಉಳಿಯುತ್ತಾರೆ ಎಂದರು ಡಾಕ್ಟರು. ಬೆಂಗಳೂರಿನಿಂದ ನಾಗೇಶ ಕಾರಿನಲ್ಲಿ ಹೊರಟಿದ್ದ. ನಿಮ್ಮ ಹ್ಯಾಂಡಲ್ ಚೀಲವನ್ನು ನರ್ಸ್ ನನ್ನ ಕೈಗೆ ಕೊಟ್ಟಳು. ಒಳಗೆ ನಕ್ಷೆ ಇತ್ತು.

ಟ್ರೇಸಿಂಗ್ ಹಾಳೆಯ ಮೇಲಿನ ಇಂಕನ್ನು ಬ್ಲೇಡಿನಿಂದ ಕೆರೆದರೆ ಹೋಗುತ್ತದೆ. ನನ್ನ ಕಸುಬಿನಲ್ಲಿ ತಪ್ಪು ತಿದ್ದುವುದೇ ಹಾಗೆ. ಪಂಕ್ಚರ್ ಡಬ್ಬಿಯಲ್ಲಿ ಬ್ಲೇಡಿತ್ತು. ಜೇಬಿನಲ್ಲಿ ಪೆನ್ನಿತ್ತು. ವರಾಂಡದ ಬೆಂಚಿನ ಮೇಲೆ ಕೂತು ಐದು ನಿಮಿಷದಲ್ಲಿ ಮುಗಿಸಿದೆ. ಗೆರೆ ಎಂದಿನಂತೆ ನೇರವಾಗಿ ಬಂತು. 

ನಾಗೇಶ ಬಂದವನೇ ಕೇಳಿದ: "ಅಪ್ಪ ಅಲ್ಲಿಗ್ಯಾಕೆ ಹೋದ್ರು ಪ್ರಕಾಶಣ್ಣ? ಮ್ಯಾಪ್ ಇತ್ತಲ್ವಾ?"

"ಮ್ಯಾಪ್ ಸರಿಯಾಗೇ ಇದೆ, ನೋಡು. ಅಣ್ಣಂಗೆ... ಸ್ವಲ್ಪ ಮರೆವು ಶುರುವಾಗಿದೆ ಅನ್ಸುತ್ತೆ ಕಣೋ."

ಆ ಮಾತು ನನ್ನ ಬಾಯಿಂದ ಬಂತು. ಅಲ್ಲಿಯವರೆಗೆ ಯಾರ ತಲೆಯಲ್ಲೂ ಅದಿರಲಿಲ್ಲ.

ಮರುದಿನ ನೀವು ಹಾಳೆ ತರಿಸಿಕೊಂಡು ಬಹಳ ಹೊತ್ತು ನೋಡಿದಿರಿ. "ಎಡಕ್ಕಿತ್ತಲ್ಲಪ್ಪಾ ಇದು..." ಎಂದಿರಿ. ಈಗ ಜಗಳ ಮಾಡುತ್ತೀರಿ, ಬಯ್ಯುತ್ತೀರಿ ಎಂದುಕೊಂಡೆ. ಬಯ್ದಿದ್ದರೆ ಒಪ್ಪಿಬಿಡುತ್ತಿದ್ದೆನೋ ಏನೋ, ಗೊತ್ತಿಲ್ಲ. ನೀವು ನನ್ನ ಮುಖ ನೋಡಿ ಹಾಳೆ ಮಡಚಿದಿರಿ. "ನಿನ್ ಗೀಟ್ ತಪ್ಪಕಿಲ್ಲ ಬುಡು. ನನ್ ತಲೇನೇ ಕೆಟ್ಟೋಗೈತೆ." ನಿಮ್ಮಿಂದ ನನಗೆ ತೊಂದರೆಯಾಯಿತು ಎಂದು ನೀವೇ ನನ್ನ ಕ್ಷಮೆ ಕೇಳಿದಿರಿ. ನಾನು, "ಪರವಾಗಿಲ್ಲ ಅಣ್ಣಾ," ಎಂದೆ.

ಆಮೇಲೆ ನೀವು ಸೈಕಲ್ ಮುಟ್ಟಲಿಲ್ಲ. ಒಬ್ಬರೇ ಯಲಹಂಕಕ್ಕೆ ಬಸ್ ಹತ್ತುವುದೂ ನಿಂತಿತು. ನಿಮ್ಮ ದಾಯಾದಿ ಹಳೇ ಬಂಡಿ ದಾರಿಗೆ ಅಡ್ಡ ಕಾಂಪೌಂಡ್ ಎತ್ತಿದಾಗ ಊರಿನವರು ನಿಮ್ಮನ್ನೇ ಕೇಳಲು ಬಂದರು. ಆ ದಿನ ನಾನೂ ಅಲ್ಲಿದ್ದೆ. "ನನ್ ಕೇಳ್ಬ್ಯಾಡ್ರಪ್ಪಾ, ಇಲ್ದಿದ್ದು ಯೋಳ್ಬುಟ್ಟೇನು," ಎಂದು ಒಳಗೆ ಹೋದಿರಿ. ಆ ದಾರಿ ಎಲ್ಲಿತ್ತೆಂದು ನಿಮಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲೇ ನಾವು ಎಷ್ಟೋ ಭಾನುವಾರ ಸೈಕಲ್ ತುಳಿದಿದ್ದೆವು. ನಾನು ಬಾಯಿ ಬಿಡಲಿಲ್ಲ, ಕಾಂಪೌಂಡ್ ಎದ್ದಿತು. ಬರಬರುತ್ತಾ ನಿಮ್ಮ ಮನೆಗೆ ಬರುವುದನ್ನೂ ಕಡಿಮೆ ಮಾಡಿದೆ. ಈಗ ಭಾನುವಾರ ಒಬ್ಬನೇ ಹೋಗುತ್ತೇನೆ. ಎಲ್ಲೋ ಒಂದು ಕಡೆ ನಿಂತು ನೀರು ಕುಡಿಯುತ್ತೇನೆ, ವಾಪಸ್ ಬರುತ್ತೇನೆ. ಇಡೀ ದಿನದಲ್ಲಿ ಯಾರೊಂದಿಗೂ ಒಂದು ಮಾತಾಡಿರುವುದಿಲ್ಲ.

ಹೋದ ತಿಂಗಳು ಬಂದಿದ್ದೆನಲ್ಲ, ನೀವು ಒಳಗೆ ಮಲಗಿದ್ದಿರಿ. ಕಾಫಿ ಕೊಡುತ್ತಾ ನಿಮ್ಮ ಸೊಸೆ ಹೇಳಿದಳು: "ಡಾಕ್ಟ್ರು ಎಲ್ಲಾ ಟೆಸ್ಟ್ ಮಾಡಿ ಏನೂ ಇಲ್ಲ ಅಂದ್ರು ಅಣ್ಣಾ. ಮಾವ ನಂಬಲ್ಲ. ದಿನಾ ಬೆಳಗ್ಗೆ ನಿಮ್ಮ ಆ ಹಾಳೆ ತೆಗೀತಾರೆ. ಕಣ್ಮುಚ್ಕೊಂಡು, ಬಲಕ್ಕೆ, ಬಲಕ್ಕೆ ಅಂತಾರೆ. ಆಮೇಲೆ ಕಣ್ ಬಿಟ್ಟು ನೋಡ್ತಾರೆ, ಸರಿ ಹೇಳಿದ್ನಾ ಅಂತ."

ಕಾಫಿ ಲೋಟ ಕೆಳಗಿಟ್ಟೆ. ಅಲ್ಲೇ ಹೇಳಬೇಕಿತ್ತು. ಕೆಲಸವಿದೆ ಎಂದು ಎದ್ದು ಬಂದೆ.

ಈ ಭಾನುವಾರ ಬರುತ್ತೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ, ನಿಮ್ಮ ಮುಂದೆ, ಮಗ ಸೊಸೆಯ ಮುಂದೆ, ನಾನೇ ಓದುತ್ತೇನೆ. ಬಂಡಿ ದಾರಿಯ ವಿಷಯವನ್ನು ಊರಿನವರ ಮುಂದೆಯೂ ಹೇಳುತ್ತೇನೆ. ಆಮೇಲೆ ಹೊರಗೆ ಹಾಕಿದರೆ ಹೋಗುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಒಂದೇ ಬೇಡಿಕೊಳ್ಳುತ್ತೇನೆ — ಓದಿ ಮುಗಿಸುವವರೆಗೆ ತಡೆದುಕೊಳ್ಳಿ, ಈ ಕೊನೆಯ ಮಾತು ನಿಮ್ಮ ಕಿವಿಗೆ ಬೀಳಬೇಕು. ನಿಮ್ಮ ತಲೆಗೆ ಏನೂ ಆಗಿಲ್ಲ ಅಣ್ಣಾ. ಅವತ್ತೂ ಆಗಿರಲಿಲ್ಲ.